ಹೊಸ್ತಿಲಿಲ್ಲದ ಬಾಗಿಲು

"ಬಾಗ್ಲಾ ಕೊಟ್ರಿ, ಹೊಸ್ತಿಲ ಎಲ್ಲಿ ನುಂಗಿದ್ರಿ?"

ದೇವಕ್ಕನ ದನಿಗೆ ರಂಗಂಪೇಟೆಯ ಹಳೇ ಸಾಮಾನಿನ ಅಂಗಡಿಯೇ ಬೆಚ್ಚಿತು. ಅಂಗಡಿಯ ಸಂಗಣ್ಣ ಮಾತ್ರ ಕಂಬವೊಂದನ್ನು ಒರೆಸುತ್ತಲೇ ಇದ್ದ.

"ಹೊಸ್ತಿಲ ಮಾರಂಗಿಲ್ರಿ."

"ಯಾಕ ಮಾರಂಗಿಲ್ಲ?"

"ಮಾರೂ ವಸ್ತು ಅಲ್ರಿ ಅದು."

ಅಬ್ಬಾ... ಇವನ ಬಾಯಿಂದ ಮಾತು ತೆಗೆಯುವುದೆಂದರೆ ಕಬ್ಬಿಣದ ಕಡಲೆ! ಬಾಗಿಲು ಕೊಟ್ಟು ತಿಂಗಳಾಗಿತ್ತು. ಕೇಳಿ ಕೇಳಿ ಅವಳ ಚಪ್ಪಲಿ ಸವೆದಿತ್ತು.

ಕಾಲುವೆ ಆಫೀಸಿನ ಗುಮಾಸ್ತೆ ದೇವಕ್ಕ ಎರಡು ಖೋಲಿಯ ಸ್ವಂತ ಮನೆ ಕಟ್ಟಿಸಿದ್ದಳು. ಅಣೆಕಟ್ಟಿನ ನೀರು ಬರುತ್ತದೆಂದು ಜನ ಬಿಚ್ಚಿ ಮಾರಿದ ಮನೆಗಳ ಸಾಮಾನಿನಿಂದಲೇ ಅದನ್ನು ಸಿಂಗರಿಸುವ ಹುಚ್ಚು ಅವಳಿಗೆ. ಬಣ್ಣದ ಗಾಜಿನ ಕಿಟಕಿ, ಆರಾಮ ಕುರ್ಚಿ, ಲಾಟೀನು... ಎಲ್ಲವನ್ನೂ ಸಂಗಣ್ಣನೇ ಹುಡುಕಿ, ಹೊತ್ತು ತಂದಿದ್ದ. "ಇಲ್ಲಿಟ್ರ ಚಂದ ಕಾಣತೈತ್ರಿ" ಎಂದಷ್ಟೇ ಅನ್ನುತ್ತಿದ್ದ. ಆ ಒಂದು ಮಾತಿಗೆ ಅವಳು ದಿನವಿಡೀ ಒಳಗೊಳಗೇ ನಗುತ್ತಿದ್ದಳು, ಪಾಪ!

ಸೋಮವಾರ ಗೃಹಪ್ರವೇಶ. ಹೊಸ್ತಿಲ ಪೂಜೆ ಮಾಡದೆ ಒಳಗೆ ಕಾಲಿಡುವುದು ಹೇಗೆ? ಹಳೇ ಚೌಕಟ್ಟಿಗೆ ಹೊಸ ಕಟ್ಟಿಗೆ ಕೂಡುವುದಿಲ್ಲವೆಂದು ಬಡಿಗನೂ ಕೈಚೆಲ್ಲಿದ್ದ.

ದೇವಕ್ಕನ ಅವ್ವ ಮರಿಲಿಂಗಮ್ಮ ಉರಿಯುವ ಬೆಂಕಿಗೆ ತುಪ್ಪ ಸುರಿದಳು: "ಗಂಡಿಲ್ಲದಾಕಿ ಮನಿಗಿ ಹೊಸ್ತಿಲ ಯಾಕಂತ ಆ ಸಂಗಣ್ಣನೂ ಅಂದ್ಕೊಂಡಾನ ನೋಡು."

ಹಾಗಾದರೆ ಅವನೂ ಎಲ್ಲರಂತೆಯೇ! ದೇವಕ್ಕನ ಕಣ್ಣು ತುಂಬಿತು. ಭಾನುವಾರ ಸಂಜೆ ಸೀದಾ ಅಂಗಡಿಗೆ ಹೋದಳು.

"ನಿಮ್ಮ ಬಾಗ್ಲಾ ನೀವೇ ಒಯ್ರಿ. ಗಂಡಿಲ್ಲದಾಕಿ ಮನಿಗಿ ಹೊಸ್ತಿಲ ಯಾಕ, ಹೌದಿಲ್ರಿ?"

ಸಂಗಣ್ಣನ ಮುಖ ಬಿಳಿಚಿತು. "ಯಾರಂದ್ರಿ ಹಂಗ?... ಅದು ನಮ್ಮ ಮನಿ ಬಾಗ್ಲಾರಿ. ಊರ ಮುಳುಗೂ ಮುಂದ ನಾನೇ ಬಿಚ್ಚಿದ್ದು. ಯಾರಿಗೂ ಕೊಟ್ಟಿದ್ದಿಲ್ಲ. ನೀವ್ ಕೇಳಿದ್ರಿ, ಇಲ್ಲ ಅನ್ನಾಕ ಆಗಲಿಲ್ಲ."

"ಹೊಸ್ತಿಲ?"

ಅವನು ಮೂಲೆಯ ಗೋಣಿತಟ್ಟು ಸರಿಸಿದ. ಸಾಗವಾನಿ ಹೊಸ್ತಿಲು. ಅವನ ಅವ್ವ ಬೆಳಿಗ್ಗೆ ಹಚ್ಚಿದ ಅರಿಶಿನ ಇನ್ನೂ ಮಾಸಿರಲಿಲ್ಲ.

"ನಾವು ಊರ ಬಿಟ್ರೂ ಹೊಸ್ತಿಲ ಬಿಡಂಗಿಲ್ರಿ. ಅದು ಹೋದಲ್ಲೇ ಮನ್ಯಾವ್ರೂ ಹೋಗಬೇಕು. ನೀವ್ ಕರೀಲಾರದ... ನಾ ಹೆಂಗ ಬರ್ಲಿ?"

ದೇವಕ್ಕನಿಗೆ ಅಳು, ನಗು, ಸಿಟ್ಟು ಒಟ್ಟಿಗೇ ಬಂದವು.

"ಇಷ್ಟ ಹೇಳಾಕ ತಿಂಗಳ ಬೇಕಾತೇನ್ರಿ?"

"ಅಂಜಿದ್ನಿರಿ."

"ಬಡಿಗಗ ಹೇಳಿರ್ತೀನಿ. ಮುಂಜಾನೆ ತೊಗೊಂಡು ಬರ್ರಿ."

"ಕೊಟ್ಟು... ಹೊಳ್ಳಿ ನಮ್ಮ ಮನಿಗಿ ಬರ್ಲೇನ್ರಿ?"

ಹೊರಟವಳು ತಿರುಗಿ ನಿಂತಳು. "ಹೊಳ್ಳಿ ಹೋದ್ರ ನೋಡ್ರಿ ಮತ್ತ! ನಿಮ್ಮವ್ವಗೂ ಕರ್ಕೊಂಡ ಬರ್ರಿ. ನಮ್ಮವ್ವ ಮಾತಾಡ್ತಾಳ."