ಅಗ್ರಹಾರದ ತಿರುವಿನಲ್ಲಿ ಕಟ್ಟಾಗುವ ಕರೆ

ಯೋಗೇಂದ್ರ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಾದದ್ದು ಗುರುವಾರ ಮಧ್ಯಾಹ್ನ. ಮನೆಯಲ್ಲಿ ನನ್ನನ್ನು ಅನುಮಾನದ ಪಿಶಾಚಿ ಅಂತಲೇ ಕರೆಯುವುದು. ಹಾಲಿನ ಪ್ಯಾಕೆಟ್ಟಿನ ತಾರೀಕನ್ನೂ ಎರಡು ಸಲ ನೋಡುತ್ತೇನೆ. ಈ ಒಬ್ಬನನ್ನು ಮಾತ್ರ ಯಾಕೋ ನಂಬಿಬಿಟ್ಟಿದ್ದೆ.

ನಮ್ಮದು ಮೇಟಗಳ್ಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಪರೀಕ್ಷಿಸುವ ಸಣ್ಣ ಕಂಪನಿ. ಜನ ಓಡಾಡುವಾಗ ಹೊಸ ಫೈವ್‌ಜಿ ಟವರುಗಳು ಅವರ ಕರೆಯನ್ನು ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿಸುತ್ತವೆಯೇ ಎಂದು ನೋಡಬೇಕು. ಯೋಗೇಂದ್ರ ಇಯರ್‌ಫೋನ್ ಹಾಕಿಕೊಂಡು ಸ್ಕೂಟರಿನಲ್ಲಿ ಊರು ಸುತ್ತುತ್ತಿದ್ದ, ನಾನು ಆಫೀಸಿನಲ್ಲಿ ಕೂತು ಅವನ ಜತೆ ಬಿಡದೆ ಮಾತಾಡುತ್ತಿದ್ದೆ. ಏನು ಮಾತಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ದಿನ ಅಂಗಡಿ ಬೋರ್ಡುಗಳನ್ನು ಓದಿದ. ಎರಡನೇ ವಾರಕ್ಕೆ ನನಗೆ ಬದನೆಕಾಯಿ ಆಗಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು. ನಾನು ದಿನಾ ಬೇಗ ಆಫೀಸಿಗೆ ಬರತೊಡಗಿದ್ದೆ.

ಎಲ್ಲ ಬೀದಿಯೂ ಪಾಸಾಯಿತು, ಅಗ್ರಹಾರದ ಒಂದು ತಿರುವು ಬಿಟ್ಟು. ನಾಲ್ಕು ದಿನವೂ ಕರೆ ಅಲ್ಲೇ ಕಟ್. ಟವರೇ ಕೈಬಿಟ್ಟಿತು ಎಂದು ಅವನು ಶೀಟಿನಲ್ಲಿ ಬರೆದ. ಅದನ್ನು ನಂಬಿ ಟವರಿನ ಸೆಟ್ಟಿಂಗ್ ಬದಲಿಸಲು ಹೊರಟವಳು, ನನ್ನ ಚಾಳಿಯಂತೆ ಅವನ ಫೋನಿನ ಲಾಗ್ ತೆಗೆದು ನೋಡಿದೆ. ಟವರ್ ಕೈಬಿಟ್ಟರೆ ಅಲ್ಲಿ ಒಂದು ಥರ ದಾಖಲಾಗುತ್ತದೆ, ಮನುಷ್ಯ ಕಟ್ ಮಾಡಿದರೆ ಇನ್ನೊಂದು ಥರ. ನಾಲ್ಕೂ ಸಲ ಕಟ್ ಮಾಡಿದವನು ಅವನೇ.

ಆ ತಿರುವಿನಲ್ಲಿ ಯಾರೋ ಒಬ್ಬಳಿದ್ದಾಳೆ ಅನ್ನಿಸಿತು. ನನ್ನ ದನಿ ಕಿವಿಯಲ್ಲಿರುವಾಗ ಅವಳನ್ನು ಮಾತಾಡಿಸಲು ಆಗುವುದಿಲ್ಲ, ಅದಕ್ಕೇ ಈ ನಾಟಕ. ಹೊಟ್ಟೆ ಉರಿದುಹೋಯಿತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಆಫೀಸಿನಲ್ಲೇ ಇದ್ದೇನೆಂದು ನಂಬಿಸಿ, ಟೆಸ್ಟ್ ಫೋನ್ ಹಿಡಿದುಕೊಂಡು ಆ ತಿರುವಿನ ಹೂವಿನಂಗಡಿ ಪಕ್ಕ ನಿಂತೆ. ಫೋನಿನಲ್ಲಿ ನಾನು ಹೇಳಿದ್ದಕ್ಕೆ ನಗುತ್ತಲೇ ಯೋಗೇಂದ್ರ ಬಂದು ಸ್ಕೂಟರ್ ನಿಲ್ಲಿಸಿದ. ಯಾವ ಬಾಗಿಲೂ ತೆರೆಯಲಿಲ್ಲ. ಯಾರೂ ಹೊರಗೆ ಬರಲಿಲ್ಲ. ಫೋನನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ, ಆಮೇಲೆ ಕಟ್ ಮಾಡಿದ.

ಎದುರಿಗೇ ಹೋಗಿ ನಿಂತೆ. ಅವನ ಮುಖ ಬಿಳಿಚಿಕೊಂಡಿತು.

"ಯಾಕ್ರೀ ಕಟ್ ಮಾಡಿದ್ರಿ?"

"ಇದೊಂದು ಪಾಸಾದ್ರೆ ಇಲ್ಲಿ ಕೆಲ್ಸ ಮುಗೀತು ಮೇಡಂ. ನನ್ನನ್ನ ಹಾಸನಕ್ಕೆ ಹಾಕ್ಬುಡ್ತಾರೆ. ಆಮೇಲೆ ನಿಮ್ಮತ್ರ ಮಾತಾಡೋಕೆ ನಂಗೇನು ನೆಪ ಇರುತ್ತೆ?"

ಮನಸ್ಸು ಕರಗಿತು, ಕೋಪ ಇಳಿಯಲಿಲ್ಲ. ನಿಮ್ಮ ನೆಪಕ್ಕೋಸ್ಕರ, ಸರಿಯಾಗಿದ್ದ ಟವರನ್ನು ನನ್ನ ಕೈಯಾರೆ ಕೆಡಿಸುತ್ತಿದ್ದೆ, ಈ ಬೀದಿಯವರ ಕರೆಗಳೆಲ್ಲ ನಿಜವಾಗಿಯೂ ಕಟ್ಟಾಗುತ್ತಿದ್ದವು ಎಂದು ಬೈದೆ. ಅವನು ತಲೆ ತಗ್ಗಿಸಿದ. ಸಂಜೆ ತಾನೇ ಹೋಗಿ ಮ್ಯಾನೇಜರ್ ಗೋವಿಂದರಾಜು ಅವರ ಮುಂದೆ ತಪ್ಪು ಒಪ್ಪಿಕೊಂಡ. ಯಾಕೆ ಹಾಗೆ ಮಾಡಿದೆ ಎಂದು ಅವರು ಎಷ್ಟು ಕೇಳಿದರೂ ಅವನು ನನ್ನ ಹೆಸರು ಎತ್ತಲಿಲ್ಲ. ನಾಳೆ ಪರೀಕ್ಷೆ ಮುಗಿಸಿ ಹಾಸನಕ್ಕೆ ಹೊರಡು ಎಂದರು ಅವರು.

ಶನಿವಾರ ಕರೆ ಸಲೀಸಾಗಿ ತಿರುವು ದಾಟಿತು. ಆಯ್ತು ಮೇಡಂ ಎಂದು ಅವನು ಫೋನಿಟ್ಟ. ನಾನು ಪಾಸ್ ಎಂದು ಬರೆದೆ. ಆಮೇಲೆ ಆಫೀಸಿನ ಮೆಟ್ಟಿಲ ಮೇಲೆ ಕೂತು ನನ್ನ ಸ್ವಂತ ಫೋನಿನಿಂದ ಅವನಿಗೆ ಕರೆ ಮಾಡಿದೆ.

"ಹಾಸನದಿಂದ ದಿನಾ ಫೋನ್ ಮಾಡಿ. ನೆಪ ಏನೂ ಬೇಡ. ನಂಗೂ ನೀವು ಬೇಕು ಕಣ್ರೀ."

ಆ ಕಡೆ ಉಸಿರೂ ಕೇಳಿಸಲಿಲ್ಲ. ಕಟ್ಟಾಯಿತೇನೋ ಎಂದು ಫೋನ್ ನೋಡಿಕೊಂಡೆ. ಆಗಿರಲಿಲ್ಲ.

"ಗಾರ್ಗಿ," ಅಂದ ಅವನು. ಮೇಡಂ ಅನ್ನದೆ ಕರೆದದ್ದು ಅದೇ ಮೊದಲು.