ಇಂದ್ರವ್ವನ ಬೆನ್ನು, ಗಂಗಾಳ ಸಿಟ್ಟು

ಮದುವೆ ಸೀರೆ ಆರಿಸುವ ದಿನ ವಿರೂಪಾಕ್ಷ ತನ್ನ ಮನೆಯ ಪಡಸಾಲೆಯಲ್ಲಿ ಬೇಕೆಂದೇ ಗಂಗಾಳ ಎದುರಿಗೆ ಕೂತಿದ್ದ. ಸೀರೆಗಳ ರಾಶಿಯ ಮೇಲಿಂದ ಎರಡು ಸಲ ಕಣ್ಣು ಹಾಯಿಸಿದ. ಹಿರಿಯರ್‍ಯಾರೂ ನೋಡದಿದ್ದಾಗ ಒಮ್ಮೆ ಹುಬ್ಬು ಹಾರಿಸಿದ. ಅವಳು ತಲೆ ತಿರುಗಿಸಲಿಲ್ಲ.

"ಡಾಕ್ಟರ್ ಬಾಯಾರಿಗೆ ನಾಚಿಕಿ ಬಂದೈತೇನು?" ಚಹಾದ ಕಪ್ಪು ಕೊಡುವ ನೆಪದಲ್ಲಿ ಬಗ್ಗಿ ಕೇಳಿದ.

ಗಂಗಾಳಿಗೆ ನಾಚಿಕೆ ಬಂದಿರಲಿಲ್ಲ. ಅವಳ ಕಣ್ಣು ಅವನನ್ನು ದಾಟಿ ಅಡುಗೆಮನೆಯ ಬಾಗಿಲಿನಲ್ಲಿ ನೆಟ್ಟಿತ್ತು. ಅಲ್ಲಿ ಅವನ ತಾಯಿ ಇಂದ್ರವ್ವ ನೆಲದಿಂದ ಏಳುತ್ತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಮೊಣಕಾಲ ಮೇಲೆ. ಅರ್ಧ ಎದ್ದು ನಿಂತಳು. ಉಸಿರು ಬಿಗಿಹಿಡಿದಳು. ಇನ್ನಷ್ಟು ಎದ್ದಳು. ಆಮೇಲೆ ಮುಖದ ಮೇಲೆ ನಗು ತಂದುಕೊಂಡು ತಿಂಡಿ-ಫರಾಳದ ತಾಟು ಎತ್ತಿಕೊಂಡಳು.

ಗಂಗಾ ಬೈಲಹೊಂಗಲದ ಸ್ಕ್ಯಾನಿಂಗ್ ಸೆಂಟರ್ ಒಂದರಲ್ಲಿ ರೇಡಿಯಾಲಜಿಸ್ಟ್. ದಿನವೂ ಜನರ ಬೆನ್ನು ನೋಡುವುದೇ ಅವಳ ಕೆಲಸ. ವಿರೂಪಾಕ್ಷನಿಗೆ ರಾಮದುರ್ಗದಲ್ಲಿ ಸ್ವಂತ ಕ್ಲಿನಿಕ್ಕು, ಮೂಳೆ ಡಾಕ್ಟರು. ನಿಶ್ಚಯವಾದಾಗಿನಿಂದ ಫೋನಿನಲ್ಲಿ ಮಾತಾಡಿ ಮಾತಾಡಿ ಅವಳಿಗೆ ಅವನ ದನಿಯೇ ರೂಢಿಯಾಗಿಬಿಟ್ಟಿತ್ತು. ಆದರೂ ಈಗ ಅವನು ಕೊಟ್ಟ ಚಹಾ ಹಾಗೇ ಇಟ್ಟು ಅಡುಗೆಮನೆಗೆ ನಡೆದಳು.

"ಅತ್ತಿ, ಬೆನ್ನಿಗೆ ಏನಾಗೈತ್ರಿ?"

"ಏನಿಲ್ಲ ಬಾಳಾ. ನೇಸರಗಿಯಿಂದ ಬರೂವಾಗ ಬಸ್ಸಿನ ಹಿಂದಿನ ಸೀಟಿನ್ಯಾಗ ಕುಂತಿದ್ದೆ. ಯರಗಟ್ಟಿ ಹಂತೇಕ ಹಂಪ್ ಬಂತು, ಬಸ್ಸು ಹಾರ್ತು. ನಾನೂ ಹಾರಿ ಕೆಳಗ ಕುಕ್ಕರಿಸಿದೆ. ಅವತ್ತಿಂದ ಹಿಡದಂಗ ಆಗೈತಿ."

ಗಂಗಾ ಸೆರಗಿನ ಮೇಲಿಂದಲೇ ಎರಡು ಬೆರಳಿನಿಂದ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಇಳಿದಳು. ಒಂದು ಕಡೆ ಇಂದ್ರವ್ವ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡವು.

"ನಿಮ್ಮ ಮಗಗ ತೋರಿಸೀರೇನು?"

"ಅಂವಾ ಮುಲಾಮು ಕೊಟ್ಟಾನಲ್ಲ."

ಗಂಗಾ ಪಡಸಾಲೆಗೆ ವಾಪಸು ಬಂದಾಗ ಅವಳ ಕಿವಿ ಬಿಸಿಯಾಗಿದ್ದವು. "ನಿಮ್ಮ ಅವ್ವಾರಿಗೆ ಎಕ್ಸ್-ರೇ ತಗಸೀರೇನ್ರಿ?"

ವಿರೂಪಾಕ್ಷ ನಕ್ಕ. "ಸ್ನಾಯು ಹಿಡದೈತಿ. ಇವತ್ತೊಂದು ದಿನ ನಿನ್ನ ಡ್ಯೂಟಿ ಬಿಡು."

ಅವನ ತಂದೆ ಬಸಲಿಂಗಪ್ಪನೂ ನಕ್ಕ. "ಆಕಿದು ಮೊದಲಿಂದ ಹಂಗ ಐತಿ ತಂಗಿ. ಮನಿಯಾಗ ಕೆಲಸ ಬಂತಂದ್ರ ಬೆನ್ನು ಹಿಡಿತೈತಿ."

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ತಾಟು ಹಿಡಿದು ಬಂದ ಇಂದ್ರವ್ವನೂ ನಕ್ಕಳು. ಗಂಗಾಳ ಸಿಟ್ಟು ನೆತ್ತಿಗೇರಿಸಿದ್ದು ಆ ಕೊನೆಯ ನಗು.

"ಸೀರಿ ಇವತ್ತ ಬ್ಯಾಡ," ಎಂದಳು. "ಅತ್ತಿ, ಚಪ್ಪಲ್ ಹಾಕ್ಕೋರ್‍ರಿ. ಕ್ಲಿನಿಕ್ಕಿಗೆ ಹೋಗೂಣು."

ಕ್ಲಿನಿಕ್ಕಿನಲ್ಲಿ ವಿರೂಪಾಕ್ಷ ಮುಖ ಗಂಟು ಹಾಕಿಕೊಂಡೇ ಎಕ್ಸ್-ರೇ ತೆಗೆಸಿದ. ಬಾಜುವಿನಿಂದ ತೆಗೆದ ಚಿತ್ರ ಪರದೆಯ ಮೇಲೆ ಬಂದಾಗ ಗಂಟು ಸಡಿಲಾಯಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿದಂತಿದ್ದ ಮಣಿಗಳಲ್ಲಿ, ಸೊಂಟದ ಮೊದಲನೆಯದರ ಮುಂಭಾಗ ಜಜ್ಜಿ ಬೆಣೆಯ ಹಾಗಾಗಿತ್ತು.

"ಮಣಿ ಕುಸದೈತಿ," ಎಂದ ಮೆಲ್ಲಗೆ. ಮರುಕ್ಷಣವೇ ಡಾಕ್ಟರಾದ. "ನಾಳೆನ ಬೆಳಗಾವಿಗೆ ಕರಕೊಂಡ ಹೋಗತೇನಿ. ಈ ಮಣಿಯೊಳಗ ಸೂಜಿಲೆ ಎಲುಬಿನ ಸಿಮೆಂಟ್ ತುಂಬಿಸಿದ್ರ ನೋವು ಇಳಿತೈತಿ."

"ಈ ಮಣಿ ಅಲ್ಲರಿ," ಎಂದಳು ಗಂಗಾ. "ಇದರ ಅಂಚು ನೋಡ್ರಿ, ಗಟ್ಟಿಯಾಗಿ ಕೂಡಿಬಿಟ್ಟೈತಿ. ಇದು ಹಳೇ ಮುರಿತ. ನಾ ತಟ್ಟಿದಾಗ ನೋವಾಗಿದ್ದು ಇದರ ಮ್ಯಾಲಿನ ಮಣಿಗೆ."

"ಮ್ಯಾಲಿಂದು ನೆಟ್ಟಗೈತಿ. ಕಾಣವಲ್ದೇನು?"

"ಹೊಸಾ ಮುರಿತ ಒಮ್ಮೊಮ್ಮೆ ಎಕ್ಸ್-ರೇದಾಗ ಕಾಣೂದಿಲ್ಲ. ಎಮ್ಮಾರೈ ಮಾಡೂಣು."

"ಗಂಗಾ, ಇದು ನನ್ನ ಅವ್ವನ ಬೆನ್ನು. ಮದವಿ ಆಗೂಕಿಂತ ಮೊದಲ ನನ್ನ ಕ್ಲಿನಿಕ್ಕಿಗೆ ಬಂದು ನನಗ ಪಾಠಾ ಹೇಳಬ್ಯಾಡ."

"ನಿನ್ನ ಅವ್ವ ಅದಾಳಂತನ ನಿನಗ ಕಾಣವಲ್ದು! ಬ್ಯಾರೆ ಪೇಶಂಟ್ ಬಂದಿದ್ರ ಬರೇ ಮುಲಾಮು ಕೊಟ್ಟ ಕಳಸ್ತಿದ್ದೇನು ನೀ?"

ಅಲ್ಲಿಯವರೆಗೆ ಅವನನ್ನು 'ರಿ' ಹಚ್ಚದೆ ಮಾತಾಡಿಸಿದವಳಲ್ಲ. 'ನೀ' ಎಂಬುದು ಇಬ್ಬರ ನಡುವೆ ಬಿದ್ದು ಅಲ್ಲೇ ಉಳಿಯಿತು. ಯಾರೂ ಎತ್ತಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ತಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೈಲಹೊಂಗಲದ ಸ್ಕ್ಯಾನಿಂಗ್ ಸೆಂಟರಿಗೆ ಕರೆತಂದ. ದಾರಿಯಲ್ಲಿ ಬಂದ ಹಂಪುಗಳಿಗೆಲ್ಲ ಕಾರು ನಿಲ್ಲಿಸಿದಂತೆಯೇ ಮಾಡಿ ದಾಟಿಸಿದನೆಂದು ಇಂದ್ರವ್ವ ಹೇಳಿದಳು. ಗಂಗಾ "ಹೌದೇನು?" ಎಂದಳೇ ಹೊರತು ಅವನ ಕಡೆ ನೋಡಲಿಲ್ಲ.

ಗಾಜಿನ ಆಚೆ ಮಷಿನ್ನು ದಡದಡ ಬಡಿಯುತ್ತಿತ್ತು. ಈಚೆ ಗಂಗಾ ಪರದೆಯ ಮುಂದೆ, ಅವಳ ಕುರ್ಚಿಯ ಹಿಂದೆ ವಿರೂಪಾಕ್ಷ. ಅವನ ಅಂಗಿಯ ಸಾಬೂನಿನ ವಾಸನೆ ಬರುವಷ್ಟು ಹತ್ತಿರ. ಆ ವಾಸನೆ ತನಗೆ ಹಿತವಾಗಿದ್ದೂ ಅವಳಿಗೆ ಸಿಟ್ಟೇ ತರಿಸಿತು.

ಕೊಬ್ಬಿನ ಹೊಳಪನ್ನು ತಗ್ಗಿಸಿ, ಹೊಸ ಪೆಟ್ಟಿನ ಬಾವಿನ ನೀರನ್ನಷ್ಟೇ ಬೆಳ್ಳಗೆ ತೋರಿಸುವ ಚಿತ್ರಗಳು ಬಂದವು. ಎಕ್ಸ್-ರೇಯಲ್ಲಿ ನೆಟ್ಟಗೆ ಕಂಡಿದ್ದ ಮೇಲಿನ ಮಣಿ ಬೆಳ್ಳಗೆ ಉರಿಯುತ್ತಿತ್ತು. ಕುಸಿದ ಕೆಳಗಿನ ಮಣಿ ಮಾತ್ರ ಅಕ್ಕಪಕ್ಕದವುಗಳಂತೆ ತಣ್ಣಗೆ, ಕಪ್ಪಗೆ.

ಗೆದ್ದೆ ಎಂದು ಗಂಗಾಳಿಗೆ ಅನ್ನಿಸಲಿಲ್ಲ. ಉಳಿದ ಮಣಿಗಳನ್ನೂ ಒಂದೊಂದಾಗಿ ನೋಡಿ ಮುಗಿಸಿದಳು. "ನರದ ಕಡೆ ಒತ್ತಿಲ್ಲ. ಕೆಟ್ಟ ರೋಗದ ಗುರ್ತು ಯಾವೂ ಇಲ್ಲ. ಎಲುಬು ಸವದಾವು, ಅದಕ್ಕ ಒಂದು ಹಂಪಿಗೆ ಮುರದೈತಿ. ಬೆಲ್ಟು ಹಾಕಿ, ಎಲುಬಿನ ಔಷಧ ಚಾಲೂ ಮಾಡಿದ್ರ ಸಿಮೆಂಟ್ ಇಲ್ದನೂ ಕೂಡಬಹುದು."

"ನಾ ತಪ್ಪು ಮಣಿಗೆ ಸೂಜಿ ಹಾಕಸಾಂವ ಇದ್ದೆ," ಎಂದ ಅವನು. ಪರದೆಯ ಮೇಲೆ ಕುಸಿದ ಕೆಳಗಿನ ಮಣಿಗೆ ಬೆರಳಿಟ್ಟ. "ಹಂಗಾರ ಇದು ಯಾವಾಗ ಮುರೀತು?"

ಅದನ್ನು ಇಂದ್ರವ್ವನನ್ನೇ ಕೇಳಿದರು. ಅವಳು ಮಗನ ಮುಖ ನೋಡಿದಳು, ಗಂಗಾಳ ಮುಖ ನೋಡಿದಳು.

"ನಿನಗ ಮೆಡಿಕಲ್ ಸೀಟು ಸಿಕ್ಕಿತ್ತು. ಅದರ ಹೋಳಿಗಿ ಊಟಕ್ಕ ಮನಿ ತುಂಬ ಮಂದಿ. ದೊಡ್ಡ ಪಾತೇಲಿ ತಗ್ಯಾಕಂತ ಅಟ್ಟಾ ಹತ್ತಿದ್ದೆ, ನಿಚ್ಚಣಿಕಿ ಜಾರ್ತು. ಕಟ್ ಅಂದದ್ದು ನನಗ ಕೇಳಿಸ್ತು. ಆದ್ರ ಹೂರಣ ಒಲಿ ಮ್ಯಾಲಿತ್ತಪಾ. ಮಂದಿ ಉಂಡು ಹೋಗೂಮಟಾ ನಿಂತ ಇದ್ದೆ. ಕುಂತ್ರ ಏಳಾಕ ಆಗೂದಿಲ್ಲಂತ ಗೊತ್ತಿತ್ತು."

"ನನಗ್ಯಾಕ ಹೇಳಲಿಲ್ಲ ಯವ್ವಾ?" ವಿರೂಪಾಕ್ಷ ಅವಳ ಪಕ್ಕಕ್ಕೆ ಬಂದು ಕೇಳಿದ.

"ನಿಮ್ಮಪ್ಪಗ ಹೇಳಿದ್ದೆ."

ಗಂಗಾ ಹೊರಗೆ ವರಾಂಡಕ್ಕೆ ಬಂದುಬಿಟ್ಟಳು. ಅವನು ಹಿಂದೆಯೇ ಬಂದ.

"ಮದವಿ ನಿಲ್ಲಸು," ಎಂದಳು.

"ಗಂಗಾ..."

"ನೀ ಕೆಟ್ಟಾಂವ ಆಗಿದ್ರ ಬೈದು ಸುಮ್ಮನಾಗತಿದ್ದೆ. ನೀ ಒಳ್ಳ್ಯಾಂವ, ಅದ ನನಗ ಅಂಜಿಕಿ. ಒಳ್ಳೇ ಮಂದಿ ತುಂಬಿದ ಮನಿಯಾಗ ಒಬ್ಬ ಹೆಣ್ಣಮಗಳು ಮುರದ ಬೆನ್ನಿಲೆ ನಿಂತು ಹೋಳಿಗಿ ಬಡಸ್ಯಾಳ. ಯಾರೂ ನೋಡಿಲ್ಲ. ನಾಳೆ ನನಗ ನೋವಾದ್ರ ನಾ ಯಾರಿಗೆ ಹೇಳ್ಲಿ?"

ಅವನು ತಿರುಗಿ ಒಳಗೆ ನಡೆದ. ತಾಯಿಗೆ ಬೆಲ್ಟು ಕಟ್ಟಿಸಿ, ಕೈಹಿಡಿದು ಕಾರಿಗೆ ಹತ್ತಿಸಿಕೊಂಡು ಹೋದ.

ಆಮೇಲೆ ಅವನ ಫೋನು ಬರಲಿಲ್ಲ. ಬರಬಾರದೆಂದೇ ಗಂಗಾ ಅಂದುಕೊಂಡಿದ್ದಳು. ಆದರೂ ಊಟದ ಹೊತ್ತಿಗೆ ಮೊಬೈಲ್ ಮಿನುಗಿದಾಗಲೆಲ್ಲ ಕೈ ತಾನಾಗಿ ಚಾಚುತ್ತಿತ್ತು. ಬೇರೆ ಯಾರದೋ ಹೆಸರು ಕಂಡರೆ ಸಿಟ್ಟು. ಕಾಯುತ್ತಿದ್ದೇನಲ್ಲ ಎಂದು ತನ್ನ ಮೇಲೆ ಇನ್ನೂ ಸಿಟ್ಟು. ಯಾರದಾದರೂ ಬೆನ್ನಿನ ಚಿತ್ರ ಪರದೆಯ ಮೇಲೆ ಬಂದರೆ ಕುರ್ಚಿಯ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿದರೆ ಬರೀ ಗೋಡೆ.

ಕಡೆಗೆ ಫೋನು ಮಾಡಿದವಳು ಇಂದ್ರವ್ವ. "ಒಮ್ಮೆ ಬಂದು ಹೋಗ ಯವ್ವಾ. ಮದವಿ ಮಾತು ಬಿಡು, ನನ್ನ ಬೆನ್ನರೆ ನೋಡಿ ಹೋಗು."

ಗಂಗಾ ರಾಮದುರ್ಗದ ಮನೆಯ ಹೊಸ್ತಿಲು ದಾಟಿದಾಗ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಬೆಲ್ಟು ಕಟ್ಟಿಕೊಂಡ ಇಂದ್ರವ್ವ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದಳು. ಒಲೆಯ ಮುಂದೆ ವಿರೂಪಾಕ್ಷ, ಮೊಣಕೈವರೆಗೆ ಜೋಳದ ಹಿಟ್ಟು. ಬಡಿದ ರೊಟ್ಟಿ ಎತ್ತುವಾಗಲೇ ಹರಿದು ಎರಡಾಯಿತು.

"ನೀರ ಹಚ್ಚಂತ ಹೇಳ್ಲಿಲ್ಲೇನು!" ಇಂದ್ರವ್ವ ಗದರಿದಳು.

ಬಸಲಿಂಗಪ್ಪ ತಾಟಿನ ಮುಂದೆ ಕೂತು ಕರಕಲಾದ ರೊಟ್ಟಿಯನ್ನು ತಿರುವಿ ತಿರುವಿ ನೋಡುತ್ತಿದ್ದ. "ಇದನ್ನ ಹೆಂಗ ತಿನ್ನೂದು? ನೀನ ಎದ್ದು ಎರಡು ಬಡಿ."

ಇಂದ್ರವ್ವ ಗಂಡನನ್ನು ದಿಟ್ಟಿಸಿದಳು. ತುಟಿ ಅಲುಗಿತು, ನಿಂತಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನಗ ನೋವಾಗತೈತಿ. ನಾ ಏಳೂದಿಲ್ಲ."

ಬಸಲಿಂಗಪ್ಪ ತಲೆ ತಗ್ಗಿಸಿ, ಕರಕಲು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

ಕೈ ತೊಳೆಯಲು ಹಿತ್ತಲಿಗೆ ಹೋದ ವಿರೂಪಾಕ್ಷನ ಹಿಂದೆ ಗಂಗಾಳೂ ಹೋದಳು.

"ಸಿಟ್ಟು ಇಳೀತೇನು?" ಅವನು ನಲ್ಲಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಇಲ್ಲ."

"ನಂದೂ ಇಳಿದಿಲ್ಲ. ನನ್ನ ಮ್ಯಾಲಿಂದು." ತಿರುಗಿದ. ನಿದ್ದೆಯಿಲ್ಲದ ಕಣ್ಣು. "ನೀ ಬರ್ಲಿ, ಬಿಡ್ಲಿ, ಈ ಮನಿ ಇನ್ನ ಮ್ಯಾಲೆ ಹಿಂಗ ಇರತೈತಿ. ನಿನ್ನ ಮೆಚ್ಚಸಾಕ ರೊಟ್ಟಿ ಬಡಿಯಾಕ ಹತ್ತಿಲ್ಲ. ಆದ್ರ ನೀ ಬರಬೇಕು, ಗಂಗಾ."

"ಯಾಕ ಬರಬೇಕು?"

"ನೀ ಇಲ್ದ ನನಗ ನೋವಾಗತೈತಿ. ಯಾವ ಮಷಿನ್‌ನ್ಯಾಗೂ ಕಾಣೂದಿಲ್ಲ, ಅದಕ್ಕ ಬಾಯಿ ಬಿಟ್ಟು ಹೇಳಾಕ ಹತ್ತೇನಿ."

ಗಂಗಾ ಹುಬ್ಬು ಗಂಟಿಕ್ಕಿಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು. ಸೆರಗಿನ ತುದಿಯಿಂದ ಅವನ ಹಣೆಯ ಮೇಲಿನ ಹಿಟ್ಟನ್ನು ಒರೆಸಿದಳು. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಒರೆಸಿದಳು. ಅವನು ಕದಲಲಿಲ್ಲ.

"ನಾ ಭಾಳ ಸಿಟ್ಟಿನಾಕಿ. ಮದವಿ ಆದ ಮ್ಯಾಲೂ ಬೈತೇನಿ."

"ಬೈ."

"ಮಂದಿ ಮುಂದನೂ ಬೈತೇನಿ."

"ಜೋರಾಗಿ ಬೈ, ಎಲ್ಲಾರಿಗೂ ಕೇಳಲಿ," ಎಂದ ಅವನು, ಅವಳ ಕೈಯನ್ನು ಸೆರಗಿನ ಸಮೇತ ಹಿಡಿದುಕೊಂಡು.

ಒಳಗಿನಿಂದ ಇಂದ್ರವ್ವನ ಕೂಗು ಕೇಳಿತು: "ಏ, ಯಾರರೆ ಬರ್‍ರಿ! ನನ್ನ ಹಿಡದು ಎಬ್ಬಸ್ರಿ!"

ಇಬ್ಬರೂ ಒಟ್ಟಿಗೇ ಓಡಿದರು.