ಅವನಿಗೆ ಕೊಡದ ಮಾತ್ರೆ

"ಹಿಂದೆ ಸರೀರಿ! ಬಾಗಿಲು ಎಳೀತಿದೀನಿ!"

ಎರಡು ಮಹಡಿಗಳ ನಡುವೆ ಲಿಫ್ಟ್ ಸಿಕ್ಕಿಕೊಂಡಿತ್ತು. ಒಳಗೆ ಕತ್ತಲಲ್ಲಿ ಅವಳೊಬ್ಬಳೇ. ಹೊರಗೆ ಯಾರೋ ಮೆಕ್ಯಾನಿಕ್.

"ಎಳೆದ್ರೆ ನನ್ನ ಮೇಲೇ ಬೀಳುತ್ತೆ ಕಣ್ರೀ!"

"ಬಿದ್ರೆ ಹಿಡ್ಕೋತೀನಿ."

"ಬಾಗಿಲನ್ನಾ, ನನ್ನನ್ನಾ?"

ಬಾಗಿಲ ಸಂದಿಗೆ ಕಬ್ಬಿಣದ ಸರಳು ತೂರಿದ ಸದ್ದು. ಆಮೇಲೆ...

"ಯಾವುದು ಮೊದಲು ಬೀಳುತ್ತೋ ಅದನ್ನ!"

ಸಂದಿಯಿಂದ ಗ್ರೀಸ್ ಮೆತ್ತಿದ ಕೈಯೊಂದು ಒಳಗೆ ಬಂತು. ಅವಳು ಹಿಡಿದುಕೊಂಡಳು. ಹೊಸ ಬಟ್ಟೆಯೆಲ್ಲ ಕರಿ ಕರಿ! ಬೈಯಬೇಕು ಅಂತ ಬಾಯಿ ತೆರೆದವಳು ಅವನ ಮುಖ ನೋಡಿ ನಕ್ಕುಬಿಟ್ಟಳು.

ಮೇಲಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು ಅಂದಿನಿಂದ ಅವನ ಬಾಯಲ್ಲಿ 'ಟೈಲರಮ್ಮ'. ಆ ಲಿಫ್ಟ್ ಮಾತ್ರ ಆಮೇಲೆ ವಾರ ವಾರವೂ ಕೆಡುತ್ತಿತ್ತು. ಯಾಕೆ ಅಂತ ಅವನನ್ನೇ ಕೇಳಬೇಕು.

ಎಲ್ಲ ಸರಿಯಾಗೇ ಇತ್ತು, ಅವಳ ಅಪ್ಪನ ಹತ್ತಿರ ಮದುವೆ ಮಾತಾಡಬೇಕಾಗಿದ್ದ ಆ ಸಂಜೆಯವರೆಗೆ.

ಅಂಗಡಿ ಮೆಟ್ಟಿಲ ಮೇಲೆ ಅವನು ತಲೆ ಹಿಡಿದು ಕೂತುಬಿಟ್ಟ.

"ತಲೆಯೊಳಗೆ ಏನೋ ಸಿಡೀತು ಕಣೇ... ನಿಂತ್ಕೊಳ್ಳೋಕಾಗ್ತಿಲ್ಲ..."

"ಅಪ್ಪನ ಮುಂದೆ ಬಾ ಅಂದ ತಕ್ಷಣ ತಲೆನೋವಾ? ನಾಟಕ ಸಾಕು!"

ಅವಳು ಹೊರಟೇಹೋದಳು. ತಿರುಗಿ ಕೂಡ ನೋಡಲಿಲ್ಲ. ಅವನು ಅಲ್ಲೇ ವಾಂತಿ ಮಾಡಿಕೊಂಡು ಬಿದ್ದಿದ್ದು ಅವಳಿಗೆ ಗೊತ್ತಾಗಿದ್ದು ಮರುದಿನ.

ಮಿದುಳಿನ ಸುತ್ತ ರಕ್ತ ಹರಿದಿತ್ತು. ಒಡೆದ ರಕ್ತನಾಳವನ್ನು ಆಪರೇಷನ್ ಮಾಡಿ ಮುಚ್ಚಿದ್ದರು. ಆದರೆ ಗಂಡಾಂತರ ಮುಗಿದಿರಲಿಲ್ಲ. ಹರಿದ ರಕ್ತ ತಾಗಿ ಉಳಿದ ನಾಳಗಳೂ ಬಿಗಿದುಕೊಳ್ಳಬಹುದು, ಮಿದುಳಿಗೆ ರಕ್ತವೇ ಸಾಲದೆ ಹೋಗಬಹುದು ಅಂದರು ಡಾಕ್ಟರಮ್ಮ.

ಐಸಿಯು ಬಾಗಿಲಲ್ಲಿ ಅವನ ತಾಯಿ ಅಡ್ಡ ನಿಂತರು.

"ನನ್ನ ಮಗನ್ನ ಮೆಟ್ಟಿಲ ಮೇಲೆ ಬಿಟ್ಟು ಹೋದವಳು ನೀನೇನಾ?"

"ಹೌದಮ್ಮ..."

"ಹಾಗಾದ್ರೆ ಇಲ್ಲೇ ಬಿದ್ದಿರು. ಒಳಗೆ ಕಾಲಿಟ್ಟೀಯೆ ಜೋಕೆ!"

ಅವಳು ಬೆಂಚಿನ ಮೇಲೇ ಬಿದ್ದಿದ್ದಳು. ಆ ಆಸ್ಪತ್ರೆಯಲ್ಲಿ ಮನೆಯವರೇ ಔಷಧಿ ಕೊಂಡು ತಂದು ನರ್ಸ್ ಕೈಗೆ ಕೊಡಬೇಕು. ಅದನ್ನೂ ತಾಯಿ ಅವಳಿಗೆ ಮುಟ್ಟಗೊಡಲಿಲ್ಲ.

ಒಂದು ಬೆಳಿಗ್ಗೆ ಅವನ ಎಡಗೈ, ಎಡಗಾಲು ಬಿದ್ದುಹೋದವು.

ನರ್ಸ್ ಹೊರಗೆ ಬಂದು ಗದರಿದಳು. "ಏನಮ್ಮಾ, ನಾಳ ಬಿಗಿಯದಿರಲಿ ಅಂತ ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟು ಎಷ್ಟು ದಿನ ಆಯ್ತು? ಇನ್ನೂ ತಂದೇ ಇಲ್ವಲ್ಲ!"

ತಾಯಿ ಬೆಬ್ಬೆಬ್ಬೆ ಅಂದರು. "ಅದು... ಕೊಬ್ಬು ಇಳಿಸೋ ಮಾತ್ರೆ ಅಂದ ಅಂಗಡಿಯವನು. ನನ್ನ ಮಗ ಕಡ್ಡಿ ಇದ್ದ ಹಾಗಿದಾನೆ, ಅವನಿಗೆಲ್ಲಿಯ ಕೊಬ್ಬು? ಇನ್ಯಾರದ್ದೋ ಔಷಧಿ ಇವನಿಗೆ ಬರೆದಿದಾರೆ ಅಂತ ಬಿಟ್ಟೆ..."

"ಬಿಟ್ರಾ?" ಅವಳು ಬೆಂಚಿನಿಂದ ಎದ್ದು ನಿಂತಳು. "ಒಂದು ಮಾತು ಯಾರನ್ನಾದ್ರೂ ಕೇಳೋಕೆ ಏನಾಗಿತ್ತು ನಿಮಗೆ? ಮಗನ್ನ ನೀವೇ ಕೊಂದ್ರಲ್ಲ!"

"ಮೊದಲು ಕೊಂದವಳು ನೀನು ಕಣೇ!"

ಅವಳು ಚೀಟಿ ಕಿತ್ತುಕೊಂಡು ಔಷಧಿ ಅಂಗಡಿಗೆ ಓಡಿದಳು. ಮಾತ್ರೆ ತಂದು ಡಾಕ್ಟರಮ್ಮನ ಕೈಗೆ ತುರುಕಿದಳು.

"ಈಗ್ಲೇ ಕೊಡಿ! ಎರಡೆರಡು ಕೊಡಿ! ಕೈ ಕಾಲು ವಾಪಸ್ ಬರುತ್ತಲ್ವಾ?"

ಡಾಕ್ಟರಮ್ಮ ಮಾತ್ರೆಯನ್ನು ವಾಪಸ್ ಅವಳ ಕೈಗಿಟ್ಟರು.

"ಇಲ್ಲಮ್ಮ. ಮೊದಲಿಂದ ಕೊಟ್ಟಿದ್ರೂ ಇದೇ ಆಗ್ತಿತ್ತು ಅನ್ಸುತ್ತೆ. ನಾಳ ಬಿಗಿಯೋದನ್ನ ಇದು ತಡೆಯುತ್ತೆ ಅಂತ ಒಂದು ಕಾಲಕ್ಕೆ ತುಂಬಾ ಆಸೆ ಇತ್ತು. ನೂರಾರು ರೋಗಿಗಳ ಮೇಲೆ ದೊಡ್ಡ ದೊಡ್ಡ ಪರೀಕ್ಷೆ ಮಾಡಿ ನೋಡಿದ್ರು. ಪ್ರಯೋಜನ ಕಾಣಲಿಲ್ಲ."

"ಮತ್ಯಾಕ್ರೀ ಬರೆದ್ರಿ?"

"ನಮ್ಮ ದೊಡ್ಡ ಡಾಕ್ಟರು ಬರೀತಾ ಬಂದಿದಾರೆ. ಅವರಿಗೆ ಬಿಡೋಕೆ ಮನಸ್ಸಿಲ್ಲ."

ಮನಸ್ಸಿಲ್ಲವಂತೆ! ಅಷ್ಟೇ! ಆ ಒಂದು ಮಾತ್ರೆಗಾಗಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕೊಲೆಗಾರರನ್ನಾಗಿ ಮಾಡಿಕೊಂಡಿದ್ದರು.

ತಾಯಿ ಡಾಕ್ಟರಮ್ಮನ ಕೈ ಹಿಡಿದರು. "ಹಾಗಾದ್ರೆ... ನನ್ನಿಂದ ಆಗಿದ್ದಲ್ವಾ?"

"ಅಲ್ಲಮ್ಮ."

"ಹಾಗಾದ್ರೆ ಅವನನ್ನ ಸರಿ ಮಾಡೋಕೂ ಏನೂ ಇಲ್ವಾ?"

"ಕೊಡಬೇಕಾದ ಬೇರೆ ಮಾತ್ರೆ ಕೊಡ್ತಾನೇ ಇದೀವಿ. ಆದ್ರೂ ಹೀಗಾಯ್ತು. ಹೋದ ಕೈ ಕಾಲು... ಹೆಚ್ಚು ಆಸೆ ಇಟ್ಕೋಬೇಡಿ."

ತಾಯಿ ಬೆಂಚಿನ ಮೇಲೆ ಕೂತರು. ಆಮೇಲೆ ಅವಳ ಕಡೆ ನೋಡದೆಯೇ ಅಂದರು. "ಒಳಗೆ ಒಬ್ಬರನ್ನೇ ಬಿಡೋದು. ನೀನೇ ಹೋಗು. ಕಣ್ಣು ಬಿಟ್ಟಾಗಲೆಲ್ಲ ನಿನ್ನನ್ನೇ ಕೇಳ್ತಾನೆ. ನಾನೇ... ಹೇಳಿರಲಿಲ್ಲ."

ಅವಳು ಒಳಗೆ ಹೋದಳು. ಬೋಳಿಸಿದ ತಲೆ. ಒಂದು ಬದಿಗೆ ಜಾರಿದ ಬಾಯಿ.

"ಟೈಲ...ರಮ್ಮ."

ಅವಳಿಗೆ ಅಳು ತಡೆಯಲಾಗಲಿಲ್ಲ. "ನಾಟಕ ಅಂದುಬಿಟ್ಟೆ ಕಣೋ... ನಿನ್ನನ್ನ ಅಲ್ಲೇ ಬಿಟ್ಟು..."

"ಚೆನ್ನಾಗಿ... ಮಾಡ್ದೆ ಅಲ್ವಾ ನಾಟಕ?"

ಅವಳು ಅಳುತ್ತಲೇ ನಕ್ಕಳು. ಅವನು ನಗಲು ಹೋದ. ಅರ್ಧ ಮುಖ ಮಾತ್ರ ನಕ್ಕಿತು.

"ನಿಜ ಹೇಳು. ನಾನು... ಮೊದಲಿನ ಹಾಗೆ ಆಗಲ್ಲ. ಅಲ್ವಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಇನ್ನೊಂದು ಸುಳ್ಳು ಮಾತ್ರೆ ಬೇಡ ಅನ್ನಿಸಿತು.

"ಆಗಲ್ಲ ಕಣೋ."

ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಮನೆಗೆ ಹೋಗು... ಅಪ್ಪ ಯಾರನ್ನ ತೋರಿಸ್ತಾರೋ ಅವನನ್ನೇ ಮದುವೆ..."

"ಬಾಯಿ ಮುಚ್ಕೋ. ನಾನು ಇಲ್ಲೇ ಇರ್ತೀನಿ."

"ಎಷ್ಟು ದಿನ?"

"ಬೇಜಾರಾಗೋವರೆಗೂ."

"ಯಾರಿಗೆ?"

"ನಿನಗೆ."

ಅವನ ಬಲಗೈ ಅವಳ ಬೆರಳನ್ನು ಹುಡುಕಿ ಹಿಡಿಯಿತು.

"ಹಾಗಾದ್ರೆ... ಹೋಗೋ ಹಾಗೇ ಇಲ್ಲ ನೀನು."